ಮಗುವಿಗೆ ರಕ್ತ ಏರಿಸಿದ ಮೇಲೆ ತಾಯಿಯ ರಕ್ತದ ಲೆಕ್ಕ ಯಾರ ಹತ್ತಿರ ಇದೆ?

ಮೈಸೂರು ಮತ್ತು ಮಂಡ್ಯ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ, ಎರಡೂ ಜಿಲ್ಲೆಗಳ ರಕ್ತನಿಧಿಗಳನ್ನು ನಡೆಸುತ್ತಿರುವ ವೈದ್ಯರಿಗೆ,

ನಮಸ್ಕಾರ.

ಹೊಟ್ಟೆಯೊಳಗಿನ ಮಗುವಿಗೆ ರಕ್ತ ಏರಿಸುವ ಚಿಕಿತ್ಸೆಯೊಂದಿದೆ. ತಾಯಿಯ ಹೊಟ್ಟೆಯ ಮೂಲಕ ಉದ್ದದ ಸೂಜಿ ತೂರಿಸಿ, ಸ್ಕ್ಯಾನಿಂಗ್ ಪರದೆ ನೋಡುತ್ತಾ, ಹೊಕ್ಕುಳಬಳ್ಳಿಯ ರಕ್ತನಾಳಕ್ಕೆ ರಕ್ತ ಬಿಡುತ್ತಾರೆ. ನನ್ನ ಮಗಳು ಇವತ್ತು ಅಂಗನವಾಡಿಗೆ ಹೋಗುತ್ತಿದ್ದಾಳೆ ಅಂದರೆ ಆ ಸೂಜಿಯೇ ಕಾರಣ. ಆದ್ದರಿಂದ ನಾನು ಆ ಚಿಕಿತ್ಸೆಯನ್ನು ದೂರುತ್ತಿದ್ದೇನೆ ಅಂದುಕೊಳ್ಳಬೇಡಿ. ಅದಾದ ಮೇಲೆ ತಾಯಿಯ ರಕ್ತದಲ್ಲಿ ಹೊಸ ಆಂಟಿಬಾಡಿಗಳು, ಅಂದರೆ ಹೊರಗಿನ ರಕ್ತಕಣಗಳನ್ನು ಗುರುತಿಸಿ ಒಡೆಯುವ ವಸ್ತುಗಳು, ಹುಟ್ಟಬಹುದು. ಅವು ಹುಟ್ಟಿದವು ಅಂತ ಬರೆದಿಡುವ, ಆ ಬರಹವನ್ನು ಮುಂದಿನ ಆಸ್ಪತ್ರೆಗೆ ತಲುಪಿಸುವ ಒಂದು ಏರ್ಪಾಡು ಬೇಕು. ಅದನ್ನು ಕೇಳುವುದಕ್ಕೆ ಈ ಪತ್ರ.

ನಾನು ಪಾಂಡವಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ರಕ್ತದ ಗುಂಪುಗಳ ಬಗ್ಗೆ ಮಕ್ಕಳಿಗೆ ಹೇಳುವಾಗ ಎ, ಬಿ, ಎಬಿ, ಒ, ಪಕ್ಕದಲ್ಲಿ ಒಂದು ಪ್ಲಸ್ ಅಥವಾ ಮೈನಸ್, ಅಲ್ಲಿಗೆ ನಿಲ್ಲಿಸುತ್ತೇವೆ. ನಿಜವಾಗಿ ನೋಡಿದರೆ ಕೆಂಪು ರಕ್ತಕಣದ ಮೇಲೆ ನೂರಾರು ಗುರುತುಗಳಿವೆ. ಅವನ್ನು 45ಕ್ಕೂ ಹೆಚ್ಚು ವ್ಯವಸ್ಥೆಗಳಾಗಿ ವಿಂಗಡಿಸಿದ್ದಾರೆ. ಆರ್‌ಎಚ್ ಅದರಲ್ಲಿ ಒಂದು; ಅದರ ಡಿ ಎಂಬ ಗುರುತು ಇದ್ದರೆ ಪ್ಲಸ್, ಇಲ್ಲದಿದ್ದರೆ ಮೈನಸ್. ಕೆಲ್, ಡಫಿ, ಕಿಡ್ ಅಂತ ಇನ್ನೂ ಇವೆ. ಕಿಡ್ ಅನ್ನುವುದು ಒಂದು ಮನೆತನದ ಹೆಸರು. 1951ರಲ್ಲಿ ಅಮೆರಿಕದ ಒಬ್ಬ ತಾಯಿಯ ರಕ್ತದಲ್ಲಿ ಈ ಗುರುತಿನ ವಿರುದ್ಧದ ಆಂಟಿಬಾಡಿ ಮೊದಲು ಸಿಕ್ಕಿತು. ಆಕೆಯ ಮಗುವಿಗೆ ಹುಟ್ಟುವಾಗಲೇ ರಕ್ತ ಒಡೆಯುವ ಕಾಯಿಲೆ ಇತ್ತು. ಈ ಕಿಡ್ ಹೆಸರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ನಿಮಗೆ ಗೊತ್ತಿರುವ ವಿಷಯವನ್ನೇ ಎರಡು ಮಾತಿನಲ್ಲಿ ಹೇಳುತ್ತೇನೆ, ಯಾಕೆಂದರೆ ಈ ಪತ್ರವನ್ನು ಬೇರೆಯವರೂ ಓದುತ್ತಾರೆ. ತಾಯಿ ನೆಗೆಟಿವ್, ಮಗು ಪಾಸಿಟಿವ್ ಆಗಿದ್ದಾಗ, ಹೆರಿಗೆಯಲ್ಲೋ ಗರ್ಭಪಾತದಲ್ಲೋ ಮಗುವಿನ ಒಂದಿಷ್ಟು ರಕ್ತ ತಾಯಿಗೆ ಸೇರುತ್ತದೆ. ತಾಯಿಯ ಮೈ ಅದನ್ನು ಹೊರಗಿನದು ಅಂತ ತಿಳಿದು ಆಂಟಿಬಾಡಿ ತಯಾರಿಸಿಕೊಳ್ಳುತ್ತದೆ. ಮುಂದಿನ ಬಸುರಿಯಲ್ಲಿ ಆ ಆಂಟಿಬಾಡಿ ಮಾಸು ದಾಟಿ ಹೋಗಿ ಮಗುವಿನ ರಕ್ತಕಣಗಳನ್ನು ಒಡೆಯುತ್ತದೆ. ಇದನ್ನು ತಡೆಯುವುದಕ್ಕೇ ಆಂಟಿ-ಡಿ ಇಂಜೆಕ್ಷನ್ ಇರುವುದು. 28ನೇ ವಾರದಲ್ಲಿ ಒಂದು, ಪಾಸಿಟಿವ್ ಮಗು ಹುಟ್ಟಿದರೆ 72 ಗಂಟೆಯೊಳಗೆ ಇನ್ನೊಂದು. 1968ರಿಂದ ಬಳಕೆಯಲ್ಲಿರುವ ಔಷಧ ಇದು. ಆದರೆ ಒಮ್ಮೆ ಆಂಟಿಬಾಡಿ ಹುಟ್ಟಿಬಿಟ್ಟರೆ ಆ ಇಂಜೆಕ್ಷನ್ನಿನಿಂದ ಏನೂ ಪ್ರಯೋಜನ ಇಲ್ಲ. ಹುಟ್ಟಿದ್ದನ್ನು ಅಳಿಸುವ ಔಷಧ ಇಲ್ಲ.

ನನ್ನ ಮೊದಲ ಬಸುರಿ ಮೂರನೇ ತಿಂಗಳಲ್ಲಿ ಹೋಯಿತು. ಒಂದು ನರ್ಸಿಂಗ್ ಹೋಂನಲ್ಲಿ ಕ್ಲೀನಿಂಗ್ ಮಾಡಿ ಸಂಜೆ ಮನೆಗೆ ಕಳಿಸಿದರು. ಗುಂಪು ಬಿ ನೆಗೆಟಿವ್ ಅಂತ ಚೀಟಿಯಲ್ಲಿ ಅವರೇ ಬರೆದಿದ್ದರು. ಆಂಟಿ-ಡಿ ಕೊಡಲಿಲ್ಲ. ಮಗ ಹುಟ್ಟಿದಾಗ ಕಾಮಾಲೆ ಜೋರಾಗಿ, ದಿನಗಟ್ಟಲೆ ಲೈಟ್ ಕೆಳಗೆ ಇಟ್ಟರು. ಮಗಳ ಸರದಿ ಬರುವಷ್ಟರಲ್ಲಿ ನನ್ನ ರಕ್ತದಲ್ಲಿ ಆಂಟಿಬಾಡಿ ಚೆನ್ನಾಗಿ ಬೆಳೆದಿತ್ತು. ಐಸಿಟಿ, ಅಂದರೆ ತಾಯಿಯ ರಕ್ತದಲ್ಲಿ ಆಂಟಿಬಾಡಿ ಇದೆಯಾ ಅಂತ ನೋಡುವ ಪರೀಕ್ಷೆ, ಪಾಸಿಟಿವ್ ಅಂದರು. ಬೆಂಗಳೂರಿಗೆ ಹೋಗಿ ಅಂದರು.

ಅಲ್ಲಿ ಮಾಡಿದ ಪರೀಕ್ಷೆ ನನಗೆ ಈಗಲೂ ಸೋಜಿಗ. ಮಗುವಿನ ಮಿದುಳಿನ ಒಂದು ರಕ್ತನಾಳದಲ್ಲಿ ರಕ್ತ ಎಷ್ಟು ವೇಗವಾಗಿ ಹರಿಯುತ್ತಿದೆ ಅಂತ ಡಾಪ್ಲರ್ ಸ್ಕ್ಯಾನಿಂಗ್‌ನಲ್ಲಿ ಅಳೆಯುತ್ತಾರೆ. ರಕ್ತಹೀನತೆ ಇರುವ ಮಗುವಿನ ರಕ್ತ ತೆಳ್ಳಗೆ, ಹಾಗಾಗಿ ಜೋರಾಗಿ ಓಡುತ್ತದೆ. ಆ ವಾರಕ್ಕೆ ಇರಬೇಕಾದ ಮಧ್ಯಮ ವೇಗದ ಒಂದೂವರೆ ಪಟ್ಟು ದಾಟಿದರೆ ಮಗುವಿಗೆ ರಕ್ತ ಬೇಕು ಅಂತ ಲೆಕ್ಕ. 2000ದಲ್ಲಿ ಈ ವಿಧಾನದ ಅಧ್ಯಯನ ಪ್ರಕಟವಾಗುವ ಮುಂಚೆ, ಗರ್ಭದ ನೀರನ್ನು ಸೂಜಿಯಿಂದ ಮತ್ತೆ ಮತ್ತೆ ತೆಗೆದು ನೋಡಬೇಕಿತ್ತಂತೆ. ಚಿಕಿತ್ಸೆಯಂತೂ ಇನ್ನೂ ಹಳೆಯದು. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ವಿಲಿಯಂ ಲೈಲಿ ಎಂಬ ವೈದ್ಯರು 1963ರಲ್ಲಿ ಮೊದಲು ಮಾಡಿದ್ದು. ಆಗ ಮಗುವಿನ ಹೊಟ್ಟೆಯೊಳಕ್ಕೆ ರಕ್ತ ಬಿಡುತ್ತಿದ್ದರು. 1980ರ ದಶಕದಲ್ಲಿ ಸ್ಕ್ಯಾನಿಂಗ್ ಸುಧಾರಿಸಿದ ಮೇಲೆ ನೇರವಾಗಿ ಹೊಕ್ಕುಳಬಳ್ಳಿಗೆ. ಪಳಗಿದ ಕೈಗಳಲ್ಲಿ ಈಗ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಕ್ಕಳು ಉಳಿಯುತ್ತಾರೆ.

ಕೊಡುವ ರಕ್ತವೂ ಸಾಮಾನ್ಯ ರಕ್ತ ಅಲ್ಲ. ಹೆಚ್ಚಾಗಿ ಒ ನೆಗೆಟಿವ್. ತೀರಾ ಹೊಸದಾಗಿರಬೇಕು. ಬಿಳಿ ರಕ್ತಕಣ ಸೋಸಿರಬೇಕು, ವಿಕಿರಣಕ್ಕೆ ಒಡ್ಡಿರಬೇಕು, ಮಗುವಿಗೆ ನೀರಿನ ಭಾರ ಆಗದಂತೆ ಗಟ್ಟಿ ಮಾಡಿರಬೇಕು. ಮುಖ್ಯವಾಗಿ, ಅದನ್ನು ತಾಯಿಯ ರಕ್ತದ ಜೊತೆ ಕ್ರಾಸ್ ಮ್ಯಾಚ್ ಮಾಡಬೇಕು, ಅಂದರೆ ಎರಡನ್ನೂ ಬೆರೆಸಿ ಹೊಂದುತ್ತದಾ ಅಂತ ನೋಡಬೇಕು. ಮಗುವಿನ ಮೈಯಲ್ಲಿ ಕೆಲಸ ಮಾಡುತ್ತಿರುವುದು ತಾಯಿಯ ಆಂಟಿಬಾಡಿ ತಾನೇ. ಕೊಟ್ಟ ರಕ್ತವನ್ನೂ ಅದು ಒಡೆಯಬಾರದು.

ಈಗ ನಾನು ಹೇಳಬೇಕಾದ ವಿಷಯಕ್ಕೆ ಬರುತ್ತೇನೆ.

ಆ ಸೂಜಿ ಒಳಗೆ ಹೋಗುವಾಗ, ಹೊರಗೆ ಬರುವಾಗ ಒಂದಿಷ್ಟು ರಕ್ತ ತಾಯಿಯ ರಕ್ತಕ್ಕೆ ಸೋರಬಹುದು. ಮಾಸು ಹೊಟ್ಟೆಯ ಮುಂಭಾಗಕ್ಕೆ ಅಂಟಿಕೊಂಡಿದ್ದು, ಸೂಜಿ ಅದನ್ನೇ ಹಾದು ಹೋಗಬೇಕಾದರೆ ಸೋರುವುದು ಜಾಸ್ತಿ. ಸೋರುವ ರಕ್ತದಲ್ಲಿ ಇಬ್ಬರದು ಬೆರೆತಿರುತ್ತದೆ. ಒಂದು ಮಗುವಿನದು, ಅದರಲ್ಲಿ ಅಪ್ಪನಿಂದ ಬಂದ ಗುರುತುಗಳಿವೆ. ಇನ್ನೊಂದು ಯಾರೋ ಪುಣ್ಯಾತ್ಮ ದಾನಿಯದು, ಅದರಲ್ಲಿ ಅವರ ಗುರುತುಗಳಿವೆ. ತಾಯಿಯ ಮೈ ಮೊದಲೇ ಆಂಟಿಬಾಡಿ ಮಾಡುವ ಜಾಯಮಾನದ್ದು ಅಂತ ತೋರಿಸಿಕೊಂಡಾಗಿದೆ. ಅಂಥವರಲ್ಲಿ ಹೊಸ ಗುರುತು ಕಂಡರೆ ಹೊಸ ಆಂಟಿಬಾಡಿ ಹುಟ್ಟುವುದು ಸಲೀಸು. ನೆದರ್ಲೆಂಡ್ಸ್‌ನ ಲೈಡನ್ ನಗರ ಈ ಚಿಕಿತ್ಸೆಗೆ ಆ ದೇಶದ ಮುಖ್ಯ ಕೇಂದ್ರ. ಅಲ್ಲಿನ ತಾಯಂದಿರನ್ನು ಅಧ್ಯಯನ ಮಾಡಿದಾಗ, ಗರ್ಭದೊಳಗೆ ಮಗುವಿಗೆ ರಕ್ತ ಕೊಟ್ಟ ನಂತರ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೊಸ ಆಂಟಿಬಾಡಿ ಬಂದಿತ್ತು.

ನಾಲ್ವರಲ್ಲಿ ಒಬ್ಬರು. ಇದನ್ನು ನನಗೆ ಚಿಕಿತ್ಸೆಗೆ ಮುಂಚೆಯೂ ಯಾರೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಸಹಿ ಹಾಕಿಸಿಕೊಂಡ ಕಾಗದದಲ್ಲಿ ಮಗುವಿಗೆ ಆಗಬಹುದಾದ ಅಪಾಯ ಎಲ್ಲ ಇತ್ತು. ತಾಯಿಯ ವಿಷಯಕ್ಕೆ ಸೋಂಕು, ನೋವು, ಬೇಗ ಹೆರಿಗೆ ಅಂತ ಬರೆದಿತ್ತು. ಡಿಸ್ಚಾರ್ಜ್ ಸಮ್ಮರಿಯಲ್ಲಿ ನನ್ನ ರಕ್ತದ ಬಗ್ಗೆ ಒಂದೇ ಸಾಲು: 'ಬಿ ನೆಗೆಟಿವ್, ಐಸಿಟಿ ಪಾಸಿಟಿವ್.' ಯಾವ ಆಂಟಿಬಾಡಿಗೆ ಪಾಸಿಟಿವ್? ಬಂದಾಗ ಎಷ್ಟಿತ್ತು, ಹೋಗುವಾಗ ಎಷ್ಟಾಯಿತು? ಏನೂ ಇಲ್ಲ.

ಮಗಳ ಫೈಲ್ ಮಾತ್ರ ದಪ್ಪ ಇತ್ತು. ಅದರಲ್ಲೂ ಒಂದು ತಮಾಷೆ ಇದೆ, ಹೇಳಿಬಿಡುತ್ತೇನೆ. ಹುಟ್ಟಿದಾಗ ಅವಳ ರಕ್ತ ಪರೀಕ್ಷಿಸಿದರೆ ಒ ನೆಗೆಟಿವ್ ಅಂತ ಬಂತು. 'ಮಗೂನೂ ನೆಗೆಟಿವ್, ಇನ್ನೇನು ಯೋಚನೆ ಬಿಡಮ್ಮ' ಅಂದರು ವಾರ್ಡಿನಲ್ಲಿದ್ದ ಒಬ್ಬ ಅಕ್ಕ. ಅವಳ ಮೈಯಲ್ಲಿ ಹರಿಯುತ್ತಿದ್ದದ್ದು ಬಹುಪಾಲು ದಾನಿಗಳ ರಕ್ತ! ತಿಂಗಳುಗಳು ಕಳೆದು ಅವಳದೇ ಕಣಗಳು ತುಂಬಿಕೊಂಡ ಮೇಲೆ ನೋಡಿದರೆ ಬಿ ಪಾಸಿಟಿವ್. ಅಷ್ಟರೊಳಗೆ ಮತ್ತೆ ರಕ್ತಹೀನತೆಯಾಗಿ ಇನ್ನೊಮ್ಮೆ ರಕ್ತ ಕೊಡಿಸಬೇಕಾಯಿತು. ಹೊಟ್ಟೆಯಲ್ಲಿ ರಕ್ತ ಪಡೆದ ಮಕ್ಕಳ ಮೂಳೆಮಜ್ಜೆ ಸ್ವಲ್ಪ ದಿನ ಸುಮ್ನೆ ಕೂತಿರುತ್ತದಂತೆ. ಎರಡು ಮೂರು ತಿಂಗಳವರೆಗೂ ಹಿಮೋಗ್ಲೋಬಿನ್ ನೋಡುತ್ತಲೇ ಇರಬೇಕು. ಇದನ್ನು ಮಾತ್ರ ನಮಗೆ ಚೆನ್ನಾಗಿ ವಿವರಿಸಿದ್ದರು. ಮಗುವಿಗೆ ಇಷ್ಟು ಗಮನ ಕೊಡಬಲ್ಲವರು ತಾಯಿಗೂ ಕೊಡಬಲ್ಲರು, ಅಲ್ವಾ?

ಮಗಳಿಗೆ ಎರಡು ತುಂಬುವಷ್ಟರಲ್ಲಿ ನನಗೆ ಗರ್ಭಕೋಶದಲ್ಲಿ ಗಡ್ಡೆಯಾಗಿ ತಿಂಗಳ ರಕ್ತಸ್ರಾವ ವಿಪರೀತವಾಯಿತು. ಹಿಮೋಗ್ಲೋಬಿನ್ ಇಳಿಯಿತು. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಅಂತ ತೀರ್ಮಾನವಾಯಿತು. ರಕ್ತ ತಯಾರಿಟ್ಟುಕೊಳ್ಳಿ ಅಂದರು. ನಮ್ಮೆಜಮಾನರು ಬ್ಲಡ್ ಬ್ಯಾಂಕಿಗೆ ಹೋದರು. ಬಿ ನೆಗೆಟಿವ್ ಇತ್ತು. ಮ್ಯಾಚ್ ಮಾಡಿದರು, ಆಗಲಿಲ್ಲ. ಇನ್ನೊಂದು ಬಾಟಲಿ ನೋಡಿದರು, ಅದೂ ಆಗಲಿಲ್ಲ. ಒ ನೆಗೆಟಿವ್ ಕೂಡ ಆಗಲಿಲ್ಲ. 'ರಕ್ತ ಇದೆ ಸರ್, ಆದ್ರೆ ನಿಮ್ಮ ಮನೆಯವರಿಗೆ ಯಾವುದೂ ಹೊಂದುತ್ತಿಲ್ಲ' ಅಂದ ಹುಡುಗನ ಮುಖದಲ್ಲೂ ಗಾಬರಿ ಇತ್ತಂತೆ. ಯಾಕೆ ಹೊಂದುತ್ತಿಲ್ಲ ಅಂತ ಹೇಳುವ ಪರೀಕ್ಷೆ ಅಲ್ಲಿ ಇರಲಿಲ್ಲ. ಮಾದರಿಯನ್ನು ಬೆಂಗಳೂರಿಗೆ ಕಳಿಸಿದರು. ಆಪರೇಷನ್ ಮುಂದೆ ಹೋಯಿತು.

ಉತ್ತರ ಬಂದಾಗ ಗೊತ್ತಾದದ್ದು: ಆರ್‌ಎಚ್ ಗುರುತುಗಳ ವಿರುದ್ಧದ ಹಳೆಯ ಆಂಟಿ-ಡಿ ಮತ್ತು ಆಂಟಿ-ಸಿ ಜೊತೆಗೆ ಕಿಡ್ ವ್ಯವಸ್ಥೆಯ ಜೆಕೆ-ಎ ಗುರುತಿನ ವಿರುದ್ಧ ಇನ್ನೊಂದು ಆಂಟಿಬಾಡಿ. ಮಗಳು ಹೊಟ್ಟೆಯಲ್ಲಿದ್ದಾಗ ಶುರುವಿನಲ್ಲಿ ಮಾಡಿಸಿದ ಪರೀಕ್ಷೆಯಲ್ಲಿ ಇದು ಇರಲಿಲ್ಲ. ನಡುವೆ ನನಗೆ ಯಾರೂ ರಕ್ತ ಕೊಟ್ಟಿಲ್ಲ. ಅದು ಬಂದದ್ದು ಮಗಳಿಂದಲೋ, ಅವಳಿಗೆ ಕೊಟ್ಟ ರಕ್ತದಿಂದಲೋ, ಎರಡರಲ್ಲಿ ಒಂದು.

ಜೆಕೆ-ಎ ಗುರುತು ಹೆಚ್ಚಿನವರ ರಕ್ತದಲ್ಲಿ ಇರುತ್ತದೆ. ನಮ್ಮ ದೇಶದಲ್ಲಿ ನೆಗೆಟಿವ್ ಗುಂಪಿನವರು ನೂರಕ್ಕೆ ಐದರ ಆಸುಪಾಸು. ಅವರಲ್ಲಿ ಬಿ ಅಥವಾ ಒ ಇರಬೇಕು. ಅವರಲ್ಲೂ ಜೆಕೆ-ಎ ಇಲ್ಲದವರು ಬೇಕು. ಮೈಸೂರಿನಂಥ ಊರಲ್ಲಿ ಅಂಥವರು ಇರಲಾರರು ಅಂತ ಅಲ್ಲ. ಇದ್ದೇ ಇರುತ್ತಾರೆ, ವರ್ಷಕ್ಕೆರಡು ಸಲ ರಕ್ತವನ್ನೂ ಕೊಡುತ್ತಿರಬಹುದು. ಆದರೆ ಅವರ ರಕ್ತದಲ್ಲಿ ಜೆಕೆ-ಎ ಇಲ್ಲ ಅಂತ ನೋಡಿದವರು ಯಾರೂ ಇಲ್ಲ. ರಕ್ತನಿಧಿಗಳ ದಾಸ್ತಾನು ತೋರಿಸುವ ಸರ್ಕಾರದ ಇ-ರಕ್ತಕೋಶ ಜಾಲತಾಣ ತೆರೆದರೆ ಬಿ ನೆಗೆಟಿವ್ ಎಲ್ಲೆಲ್ಲಿ ಎಷ್ಟಿದೆ ಅಂತ ಕಾಣುತ್ತದೆ. ನನ್ನಂಥವಳಿಗೆ ಆ ಸಂಖ್ಯೆಯಿಂದ ಏನು ಉಪಯೋಗ?

ಕಡೆಗೆ ನನ್ನ ತಮ್ಮನ ರಕ್ತ ಹೊಂದಿತು. ಅದನ್ನೂ ವಿಕಿರಣಕ್ಕೆ ಒಡ್ಡಿಸಿದ ಮೇಲೆಯೇ ತೆಗೆದಿಟ್ಟುಕೊಂಡದ್ದು, ಯಾಕೆಂದರೆ ರಕ್ತಸಂಬಂಧಿಯ ಬಿಳಿ ಕಣಗಳು ಪಡೆದವರ ಮೈಯಲ್ಲಿ ನೆಲೆಯೂರಿ ಪ್ರಾಣಕ್ಕೇ ಕುತ್ತು ತರಬಹುದು.

ಮೊದಲು ಕೈ ಚಾಚಿದ್ದು ನಮ್ಮೆಜಮಾನರು. ನಮ್ಮ ಕಡೆ ಗಂಡಸರು ಹಾಗೇ ಅಲ್ವಾ, ಹೆಂಡತಿಗೆ ರಕ್ತ ಬೇಕು ಅಂದರೆ ಅಂಗಿಯ ತೋಳು ಮಡಚಿಕೊಂಡು ನಿಲ್ಲುತ್ತಾರೆ. ಇನ್ನೂ ಮಕ್ಕಳಾಗುವ ವಯಸ್ಸಿನ ಹೆಂಗಸಿಗೆ ಗಂಡನ ರಕ್ತ ಕೊಡಬಾರದು. ಅವಳು ಹೊತ್ತ ಮಗುವಿನಲ್ಲಿ ಅವನ ಗುರುತುಗಳೇ ಇರುವುದು, ಆಂಟಿಬಾಡಿ ಇದ್ದರೆ ಅದು ಅವನ ರಕ್ತದ ಮೇಲೇ ಬೀಳುತ್ತದೆ. ಈ ವಿಜ್ಞಾನ ಶುರುವಾದದ್ದೂ ಹೀಗೆಯೇ. ನ್ಯೂಯಾರ್ಕಿನ ಒಬ್ಬ ಹೆಂಗಸಿಗೆ ಮಗು ಹೊಟ್ಟೆಯಲ್ಲೇ ತೀರಿಕೊಂಡು, ರಕ್ತಸ್ರಾವವಾಗಿ, ಗಂಡನ ರಕ್ತ ಕೊಟ್ಟರು. ಇಬ್ಬರದೂ ಒ ಗುಂಪೇ. ಆದರೂ ಆಕೆಗೆ ಚಳಿ, ನಡುಕ ಹಿಡಿದು ಪ್ರಾಣಾಪಾಯವಾಯಿತು. ಲೆವೀನ್ ಮತ್ತು ಸ್ಟೆಟ್ಸನ್ ಎಂಬಿಬ್ಬರು 1939ರಲ್ಲಿ ಇದನ್ನು ವರದಿ ಮಾಡಿದರು. ಮಗುವಿನಿಂದ ತಾಯಿಯ ಮೈಯಲ್ಲಿ ಏನೋ ಹುಟ್ಟಿಕೊಂಡಿದೆ ಅಂತ ಅವರು ಊಹಿಸಿದರು. ಮರುವರ್ಷ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ಆರ್‌ಎಚ್ ಗುರುತಿನ ಬಗ್ಗೆ ಬರೆದರು. ಅಂದರೆ ಮಗುವಿನ ಕಾಯಿಲೆಯ ಗುಟ್ಟು ಬಿಚ್ಚಿದ್ದು ತಾಯಿಗೆ ರಕ್ತ ಕೊಟ್ಟಾಗ. ಇಷ್ಟು ವರ್ಷ ಆದ ಮೇಲೂ ನಾವು ಮಗುವಿನ ಕಡೆಗೆ ಮಾತ್ರ ನೋಡುತ್ತಿದ್ದೇವೆ.

ಕಿಡ್ ಆಂಟಿಬಾಡಿಗೆ ಒಂದು ಕೆಟ್ಟ ಗುಣ ಇದೆ, ಈ ಪತ್ರ ಬರೆಯಲು ನಿಜವಾದ ಕಾರಣ ಅದೇ. ಅದು ಕಾಣೆಯಾಗುತ್ತದೆ. ಕೆಲವು ತಿಂಗಳು ಕಳೆದರೆ ಪರೀಕ್ಷೆಯಲ್ಲಿ ಸಿಗದಷ್ಟು ಕಡಿಮೆಯಾಗುತ್ತದೆ. ಆಗ ಕ್ರಾಸ್ ಮ್ಯಾಚ್ ಮಾಡಿದರೆ ಎಲ್ಲಾ ರಕ್ತವೂ ಹೊಂದುತ್ತದೆ. ಬೇಸಿಗೆಯಲ್ಲಿ ಬದುವಿನ ಮೇಲಿನ ಗರಿಕೆ ಸತ್ತೇ ಹೋಯಿತು ಅನ್ನಿಸುತ್ತದಲ್ಲ, ಒಂದು ಮಳೆ ಬಿದ್ದರೆ ಸಾಕು, ಹಾಗೆ. ಜೆಕೆ-ಎ ಇರುವ ರಕ್ತ ಒಳಗೆ ಹೋದ ಕೂಡಲೇ ಮೈಗೆ ಹಳೆಯದು ನೆನಪಾಗಿ ಆಂಟಿಬಾಡಿ ಉಕ್ಕುತ್ತದೆ. ಕೊಟ್ಟ ರಕ್ತ ಒಂದೆರಡು ವಾರದೊಳಗೆ ಒಡೆದುಹೋಗುತ್ತದೆ. ಹಿಮೋಗ್ಲೋಬಿನ್ ಮತ್ತೆ ಇಳಿಯುತ್ತದೆ, ಕಣ್ಣು ಹಳದಿಯಾಗುತ್ತದೆ, ಮೂತ್ರ ಕಪ್ಪಾಗುತ್ತದೆ, ಕೆಲವರಿಗೆ ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತದೆ. ಅಷ್ಟು ಹೊತ್ತಿಗೆ ರೋಗಿ ಮನೆಗೆ ಹೋಗಿರುತ್ತಾಳೆ. ಊರಿನ ಡಾಕ್ಟರ್ ಕಾಮಾಲೆ ಅನ್ನುತ್ತಾರೆ. ಮನೆಯವರು ನಾಟಿ ಔಷಧಿಗೆ ಕರೆದುಕೊಂಡು ಹೋಗುತ್ತಾರೆ. ರಕ್ತ ಕೊಟ್ಟದ್ದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಯಾರಿಗೆ ಹೊಳೆಯಬೇಕು?

ಹಾಗಾಗಿ ನನ್ನ ವಿಷಯದಲ್ಲಿ ರಕ್ತ ಹೊಂದಲಿಲ್ಲ ಅನ್ನುವುದೇ ಅದೃಷ್ಟ. ಇನ್ನೊಂದು ವರ್ಷ ತಡವಾಗಿ ಆಪರೇಷನ್ ಆಗಿದ್ದರೆ ಮೊದಲ ಬಾಟಲಿಯೇ ಹೊಂದಿಬಿಡುತ್ತಿತ್ತೇನೋ. ಇಂಥ ಆಂಟಿಬಾಡಿಯ ವಿಷಯದಲ್ಲಿ ಇವತ್ತಿನ ಪರೀಕ್ಷೆಯನ್ನು ಪೂರ್ತಿ ನಂಬುವ ಹಾಗಿಲ್ಲ. ಹಿಂದೆ ಒಮ್ಮೆ ಸಿಕ್ಕಿತ್ತು ಎಂಬ ಬರಹ ಇದ್ದರೆ ಮಾತ್ರ ಕಾಪಾಡುತ್ತದೆ.

ಆ ಬರಹ ನಮ್ಮಲ್ಲಿ ಎಲ್ಲಿ ಕಳೆದುಹೋಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಬಸುರಿಯ ತಪಾಸಣೆ ಗಂಡನ ಮನೆಯ ಹತ್ತಿರದ ಆಸ್ಪತ್ರೆಯಲ್ಲಿ. ಹೆರಿಗೆ, ಬಾಣಂತನ ತವರಿನಲ್ಲಿ. ಕಷ್ಟ ಬಂದರೆ ಮಂಡ್ಯದ ಮಿಮ್ಸ್, ಅಲ್ಲಿಂದ ಮೈಸೂರಿನ ಚೆಲುವಾಂಬ, ಇಲ್ಲವೇ ನೇರ ಬೆಂಗಳೂರು. ಒಂದೊಂದು ಕಡೆ ಒಂದೊಂದು ಫೈಲ್. ಊರೂರು ತಿರುಗುವುದು ಹೆಂಗಸಿನ ಕೈಯಲ್ಲಿರುವ ತಾಯಿ ಕಾರ್ಡ್ ಒಂದೇ. ಅದು ಒಳ್ಳೆಯ ಕಾರ್ಡ್, ಅದರ ಬಗ್ಗೆ ನನಗೆ ಗೌರವ ಇದೆ. ಆದರೆ ಮಗುವಿನ ಚುಚ್ಚುಮದ್ದು ಮುಗಿದ ಮೇಲೆ ಅದನ್ನು ಟ್ರಂಕಿನ ತಳಕ್ಕೆ ಹಾಕುತ್ತಾರೆ. ಆಂಟಿಬಾಡಿಯ ನೆನಪು ಮೈಯಲ್ಲಿ ಸಾಯುವವರೆಗೂ ಇರುತ್ತದೆ.

ಗುಟ್ಟಾಗಿ ಆಗುವ ಗರ್ಭಪಾತಗಳದ್ದು ಇನ್ನೊಂದು ಕಥೆ. 2023ರ ಕೊನೆಗೆ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದದ್ದು ಬಯಲಾದಾಗ ನಾವೆಲ್ಲ ತಲೆ ತಗ್ಗಿಸಿದೆವು. ಪಾಪದ ಮಾತು ಎಲ್ಲರೂ ಆಡಿದರು. ವಿಜ್ಞಾನದ ಟೀಚರ್ ಆಗಿ ನನಗೆ ಬಂದ ಯೋಚನೆ ಬೇರೆ. ಅಂಥ ಕಡೆ ಹೊಟ್ಟೆ ತೆಗೆಸಿಕೊಂಡ ಹೆಂಗಸರಲ್ಲಿ ನೆಗೆಟಿವ್ ಗುಂಪಿನವರೂ ಇದ್ದಿರಲೇಬೇಕು. ಅವರಿಗೆ ಆಂಟಿ-ಡಿ ಯಾರು ಕೊಟ್ಟಿರುತ್ತಾರೆ? ಮುಂದಿನ ಬಸುರಿಯಲ್ಲಿ ಐಸಿಟಿ ಪಾಸಿಟಿವ್ ಬಂದಾಗ ಹಿಂದಿನದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಅವರಿಗೆ ಎಲ್ಲಿರುತ್ತದೆ? ಆಶಾ ಕಾರ್ಯಕರ್ತೆಯರಿಗೆ ಒಂದು ಮಾತು ಹೇಳಿಕೊಡಿ: ನೆಗೆಟಿವ್ ಗುಂಪಿನ ಹೆಂಗಸಿಗೆ ಬಸುರಿ ಹೇಗೆ ಹೋಯಿತು ಅಂತ ಕೇಳಬೇಕಾಗಿಲ್ಲ, ಇಂಜೆಕ್ಷನ್ ಆಯಿತಾ ಅಂತ ಮಾತ್ರ ಕೇಳಲಿ.

ಈಗ ಏನು ಮಾಡಬಹುದು ಅಂತ ನನಗೆ ತೋಚಿದ್ದನ್ನು ಬರೆಯುತ್ತೇನೆ. ದುಡ್ಡು ಬೇಡುವುದು ಸ್ವಲ್ಪ, ಶಿಸ್ತು ಬೇಡುವುದು ಜಾಸ್ತಿ.

ಮೊದಲನೆಯದು ಕಾರ್ಡ್. ಎಟಿಎಂ ಕಾರ್ಡಿನಷ್ಟು ಚಿಕ್ಕದು ಸಾಕು. ಹೆಸರು, ರಕ್ತದ ಗುಂಪು, ಯಾವ ಆಂಟಿಬಾಡಿ, ಮೊದಲು ಸಿಕ್ಕ ತಾರೀಖು, ಪರೀಕ್ಷೆ ಮಾಡಿದ ಲ್ಯಾಬ್, 'ಈ ಗುರುತು ಇಲ್ಲದ ರಕ್ತವನ್ನೇ ಕೊಡಿ' ಎಂಬ ಒಂದು ಸಾಲು. ಬ್ರಿಟನ್ನಿನಲ್ಲಿ ಇಂಥ ಕಾರ್ಡ್ ಕೊಡುತ್ತಾರೆ. ನೆದರ್ಲೆಂಡ್ಸ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆಂಟಿಬಾಡಿ ಇರುವವರ ವಿವರವನ್ನು ದೇಶದ ಆಸ್ಪತ್ರೆಗಳ ಲ್ಯಾಬ್‌ಗಳು ನೋಡಬಹುದಾದ ಒಂದೇ ದಾಖಲೆಯಲ್ಲಿ ಇಟ್ಟಿದ್ದಾರೆ. ನಮ್ಮಲ್ಲಿ ಆರೋಗ್ಯ ದಾಖಲೆಗಳನ್ನು ಜೋಡಿಸುವ ಆಭಾ ಸಂಖ್ಯೆ ಇದೆ. ಅದರಡಿ ಒಂದು ಸಾಲು ಸೇರಿಸುವುದು ದೊಡ್ಡ ಮಾತಲ್ಲ. ಆದರೆ ನೆಟ್‌ವರ್ಕ್ ಇಲ್ಲದ ಹೊತ್ತಿನಲ್ಲೂ ಪರ್ಸಿನಲ್ಲಿರುವ ಕಾರ್ಡ್ ಓದಬಹುದು. ಆದ್ದರಿಂದ ಎರಡೂ ಇರಲಿ.

ಎರಡನೆಯದು, ಗರ್ಭದಲ್ಲಿ ಮಗುವಿಗೆ ರಕ್ತ ಕೊಡಿಸಿಕೊಂಡು ಬಂದ ತಾಯಿಯನ್ನು ಹೆರಿಗೆಯ ಹೊತ್ತಿಗೆ ಒಮ್ಮೆ, ಕೆಲವು ತಿಂಗಳ ನಂತರ ಇನ್ನೊಮ್ಮೆ ಪೂರ್ತಿ ಪರೀಕ್ಷಿಸಬೇಕು. ಐಸಿಟಿ ಪಾಸಿಟಿವ್ ಅಂತ ಬರೆದು ಕೈ ತೊಳೆದುಕೊಂಡರೆ ಸಾಲದು. ಆಕೆಗೆ ಡಿ ಇರುವುದು ಮೊದಲೇ ಗೊತ್ತು, ಟೆಸ್ಟ್ ಪಾಸಿಟಿವ್ ಬಂದೇ ಬರುತ್ತದೆ. ಡಿ ಹಿಂದೆ ಇನ್ನೇನು ಅಡಗಿದೆ ಅಂತ ಹನ್ನೊಂದು ಕಣಗಳ ಪ್ಯಾನೆಲ್, ಅಂದರೆ ಗುರುತುಗಳು ಮೊದಲೇ ಗೊತ್ತಿರುವ ಹನ್ನೊಂದು ಬಗೆಯ ರಕ್ತಕಣಗಳನ್ನು ಇಟ್ಟು ನೋಡಬೇಕು. ಆ ಕಣಗಳ ಬೆಲೆ ಜಾಸ್ತಿ, ಕೆಲವೇ ವಾರ ಬಾಳುತ್ತವೆ, ಎಲ್ಲಾ ರಕ್ತನಿಧಿಗಳೂ ಇಟ್ಟುಕೊಳ್ಳಲು ಆಗುವುದಿಲ್ಲ ಅನ್ನುವುದು ಗೊತ್ತು. ಎರಡು ಜಿಲ್ಲೆಗೆ ಸೇರಿ ಮೈಸೂರಿನಲ್ಲಿ ಒಂದು ಕಡೆ ಇಡಿ. ಮಂಡ್ಯ, ಮದ್ದೂರು, ನಾಗಮಂಗಲ, ಹುಣಸೂರು, ನಂಜನಗೂಡಿನಿಂದ ಮಾದರಿ ಅಲ್ಲಿಗೆ ಬರಲಿ. ಹೊಸ ಹೆದ್ದಾರಿ ಆದ ಮೇಲೆ ಮಂಡ್ಯದಿಂದ ಮೈಸೂರು ಎಷ್ಟು ಹೊತ್ತಿನ ದಾರಿ?

ಮೂರನೆಯದು, ಒಮ್ಮೆಯಾದರೂ ಬಸುರಿಯಾದ ಯಾವ ಹೆಂಗಸಿಗೂ ರಕ್ತ ಕೊಡುವ ಮುಂಚೆ ಕ್ರಾಸ್ ಮ್ಯಾಚ್ ಜೊತೆಗೆ ಆಂಟಿಬಾಡಿ ಸ್ಕ್ರೀನಿಂಗ್ ಕೂಡ ಆಗಲಿ. ಪಾಸಿಟಿವ್ ಗುಂಪಿನವರಿಗೂ ಇದು ಬೇಕು. ಆಂಟಿ-ಡಿ ಬರುವುದು ನೆಗೆಟಿವ್ ಹೆಂಗಸರಿಗೆ ಮಾತ್ರ, ನಿಜ. ಆದರೆ ಸಣ್ಣ ಸಿ, ಇ, ಕೆಲ್, ಕಿಡ್ ಇವಕ್ಕೆಲ್ಲ ಪ್ಲಸ್ ಮೈನಸ್ಸಿನ ಹಂಗಿಲ್ಲ. ಕೆಲ್ ಆಂಟಿಬಾಡಿಯಂತೂ ಮಗುವಿನ ಮೈಯಲ್ಲಿ ರಕ್ತ ತಯಾರಾಗುವುದನ್ನೇ ತಡೆಯುತ್ತದೆ. ಬಸುರಿಯ ಮೊದಲ ತಪಾಸಣೆಯಲ್ಲೇ ಎಲ್ಲರಿಗೂ ಈ ಪರೀಕ್ಷೆ ಮಾಡಿದರೆ ಇನ್ನೂ ಒಳ್ಳೆಯದು.

ನಾಲ್ಕನೆಯ ಮಾತು ದಾನಿಗಳದ್ದು. ಎರಡೂ ಜಿಲ್ಲೆಗಳಲ್ಲಿ ತಪ್ಪದೆ ರಕ್ತ ಕೊಡುವ ನೆಗೆಟಿವ್ ಗುಂಪಿನವರ ಪಟ್ಟಿ ನಿಮ್ಮ ಹತ್ತಿರ ಇದ್ದೇ ಇದೆ. ಅವರ ರಕ್ತದಲ್ಲಿ ಕೆಲ್, ಕಿಡ್, ಡಫಿ ಗುರುತುಗಳನ್ನು ಒಮ್ಮೆ ನೋಡಿಟ್ಟರೆ ಸಾಕು, ಅವು ಜೀವಮಾನದಲ್ಲಿ ಬದಲಾಗುವುದಿಲ್ಲ. ಗರ್ಭದ ಮಗುವಿಗೆ ರಕ್ತ ಆರಿಸುವಾಗ ತಾಯಿಗೆ ಇಲ್ಲದ ಗುರುತು ದಾನಿಗೂ ಇಲ್ಲದಂತೆ ನೋಡಿಕೊಂಡರೆ, ಆ ದಾರಿಯಿಂದ ಬರುವ ಹೊಸ ಆಂಟಿಬಾಡಿಗಳು ಕಡಿಮೆಯಾಗುತ್ತವೆ. ಅಪ್ಪನಿಂದ ಮಗುವಿಗೆ ಬಂದದ್ದನ್ನು 'ಹೊಂದಿಸಲು' ಆಗುವುದಿಲ್ಲ, ಅದು ಬೇರೆ ಮಾತು.

ಇದೆಲ್ಲ ಎಲ್ಲೋ ಕೋಟಿಗೊಬ್ಬರ ಕಥೆ ಅನ್ನಿಸಿದರೆ, ನಮ್ಮದೇ ರಾಜ್ಯದ ಕೋಲಾರದ ಹೆಂಗಸಿನ ಸುದ್ದಿ ನೆನಪಿಸಿಕೊಳ್ಳಿ. ಹೃದಯದ ಆಪರೇಷನ್ನಿಗೆ ಬಂದ 38 ವರ್ಷದ ಆಕೆಗೆ ಯಾವ ರಕ್ತವೂ ಹೊಂದಲಿಲ್ಲ. ಬೆಂಗಳೂರಿನ ರೋಟರಿ ಟಿಟಿಕೆ ರಕ್ತ ಕೇಂದ್ರದವರು ಸುಮ್ಮನಾಗದೆ ಮನೆಯವರ ಮಾದರಿಗಳನ್ನೂ ಸೇರಿಸಿ ಪರೀಕ್ಷಿಸಿ, ಬ್ರಿಟನ್ನಿನ ಬ್ರಿಸ್ಟಲ್ ಲ್ಯಾಬಿಗೆ ಕಳಿಸಿದರು. ಪ್ರಪಂಚದಲ್ಲಿ ಅದುವರೆಗೆ ಯಾರೂ ಕಂಡಿರದ ಗುರುತು ಅಂತ 2025ರಲ್ಲಿ ಪ್ರಕಟವಾಯಿತು, ಕ್ರಿಬ್ ಅಂತ ಹೆಸರಿಟ್ಟರು. 1952ರಲ್ಲಿ ಮುಂಬಯಿಯಲ್ಲಿ ಮೊದಲು ಪತ್ತೆಯಾದ, ಬಾಂಬೆ ಎಂಬ ಅಪರೂಪದ ಗುಂಪಿನ ದಾನಿಗಳನ್ನು ಇವತ್ತು ಫೋನಿನಲ್ಲಿ ಹುಡುಕಿ ಕರೆಸುವ ಹುಡುಗರು ನಮ್ಮ ರಾಜ್ಯದಲ್ಲೇ ಇದ್ದಾರೆ. ಹೊಂದದ ರಕ್ತದ ಹಿಂದೆ ಯಾಕೆ ಅಂತ ಕೇಳುವ ಕುತೂಹಲ ಇದ್ದರೆ ಕೆಲಸ ಆಗುತ್ತದೆ ಅನ್ನುವುದಕ್ಕೆ ಇದನ್ನು ಹೇಳಿದೆ. ಹೊಂದಲಿಲ್ಲ, ಬೇರೆ ಕಡೆ ನೋಡಿ ಅಂತ ಚೀಟಿ ವಾಪಸ್ ಕೊಡುವುದು ಸುಲಭ.

ಆಂಟಿಬಾಡಿ ಅಂದರೆ ಕೆಟ್ಟದ್ದು ಅಂತ ಮನೆಯವರು ಅಂದುಕೊಳ್ಳುವುದನ್ನೂ ನೋಡಿದ್ದೇನೆ. 'ರಕ್ತದಲ್ಲಿ ದೋಷ ಇದೆಯಂತೆ' ಅನ್ನುವ ಮಾತು ಅತ್ತೆಮನೆಯಲ್ಲಿ ಒಮ್ಮೆ ಹುಟ್ಟಿದರೆ ಹೋಗುವುದು ಕಷ್ಟ. ಅವರಿಗೆ ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಕಥೆ ಹೇಳಿ. ಅವರ ರಕ್ತದಲ್ಲಿ ಇದೇ ಆಂಟಿ-ಡಿ ಇತ್ತು. ಅವರು ಸಾವಿರಕ್ಕೂ ಹೆಚ್ಚು ಸಲ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ಕೊಟ್ಟರು. ನಮ್ಮಂಥ ತಾಯಂದಿರಿಗೆ ಚುಚ್ಚುವ ಇಂಜೆಕ್ಷನ್ ತಯಾರಾಗುವುದು ಅಂಥವರ ಪ್ಲಾಸ್ಮಾದಿಂದಲೇ. 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರನ್ನು ಬಂಗಾರದ ತೋಳಿನವರು ಅಂತ ಕರೆಯುತ್ತಿದ್ದರು, ದೋಷದವರು ಅಂತಲ್ಲ.

ಅಕ್ಕತಂಗಿಯರಿಗೂ ಒಂದು ಮಾತು. ಹೊಟ್ಟೆಯಲ್ಲಿದ್ದ ಮಗುವಿಗೆ ರಕ್ತ ಏರಿಸಿಕೊಂಡು ಬಂದವರು ನೀವಾಗಿದ್ದರೆ, ಆ ಆಸ್ಪತ್ರೆಯಿಂದ ನಿಮ್ಮ ಆಂಟಿಬಾಡಿ ವರದಿಯ ಪ್ರತಿ ಕೇಳಿ ಪಡೆಯಿರಿ. ಅದು ನಿಮ್ಮ ಹಕ್ಕು. ಮುಂದೆ ಹಲ್ಲು ಕೀಳಿಸಲು ಹೋದರೂ ಸರಿ, ತೋರಿಸಿ. ಅಣ್ಣ, ತಮ್ಮ, ಅಕ್ಕ, ತಂಗಿಯರ ರಕ್ತವನ್ನು ಪುರುಸೊತ್ತಿದ್ದಾಗಲೇ ಪರೀಕ್ಷೆ ಮಾಡಿಸಿಡಿ. ಹೊಂದುವ ಸಾಧ್ಯತೆ ಹೊರಗಿನವರಿಗಿಂತ ಅವರಲ್ಲಿ ಹೆಚ್ಚು.

ಅಧಿಕಾರಿಗಳೇ, ಪ್ರತಿ ತಿಂಗಳು 9ನೇ ತಾರೀಖು ಬಸುರಿಯರ ತಪಾಸಣೆ ನಡೆಯುತ್ತದೆ. ತೊಂದರೆ ಇರುವವರ ಕಾರ್ಡಿಗೆ ಕೆಂಪು ಸ್ಟಿಕ್ಕರ್ ಅಂಟಿಸುತ್ತೀರಿ. ಬರುವ 9ರಂದು ಆ ಕೆಂಪು ಸ್ಟಿಕ್ಕರ್ ಇರುವ ನೆಗೆಟಿವ್ ತಾಯಂದಿರಲ್ಲಿ ಎಷ್ಟು ಜನರ ಕಾರ್ಡಿನಲ್ಲಿ ಆಂಟಿಬಾಡಿಯ ಹೆಸರು ಬರೆದಿದೆ ಅಂತ ಒಮ್ಮೆ ಎಣಿಸಿ ನೋಡಿ. ಆ ಸಂಖ್ಯೆಯನ್ನು ಎರಡೂ ಜಿಲ್ಲೆಯ ಜನರ ಮುಂದೆ ಇಡಿ. ಕಾರ್ಡಿನ ನಮೂನೆ ಬೇಕಿದ್ದರೆ, ಬೆಂಗಳೂರಿನ ವರದಿ ನೋಡಿ ನನಗಾಗಿ ನಾನೇ ಬರೆದು ಲ್ಯಾಮಿನೇಟ್ ಮಾಡಿಸಿಕೊಂಡ ಕಾರ್ಡಿನ ಪ್ರತಿಯನ್ನು ಈ ಪತ್ರದ ಜೊತೆ ಎರಡೂ ಕಚೇರಿಗಳಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ. ವೈದ್ಯರು ನೋಡಿ ತಿದ್ದಲಿ. ನಿಮ್ಮ ಉತ್ತರ ಬಂದರೆ ಅದನ್ನೂ ಹೀಗೇ ಬಹಿರಂಗವಾಗಿ ಹಾಕುತ್ತೇನೆ.

ಇಂತಿ,
ಪಾಂಡವಪುರ ತಾಲ್ಲೂಕಿನ ಒಬ್ಬ ವಿಜ್ಞಾನ ಶಿಕ್ಷಕಿ